ಹೆಸರಿಟ್ಟು ಬಂದ ಪಿಯಾನೋ

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆತನ. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಮಾಲು ಎಷ್ಟು ಛಲೋ ಇರುತ್ತದೋ, ಕೊಳ್ಳುವವನ ಮುಖ ಅಷ್ಟು ಸಪ್ಪಗಿರಬೇಕು. ನನ್ನ ಗಂಡ ಒಂದು ಕಾಯಿ ಮುರಿದು, ಮೂಸಿ ನೋಡಿ, ಮುಖ ಕಿವುಚಿಕೊಂಡು ರಾಶಿಗೆ ತಿರುಗಿ ಒಗೆದರೆಂದರೆ ಆ ಮಾಲು ಅವರ ಮನಸ್ಸಿಗೆ ಪೂರಾ ಬಂದಿದೆ ಅಂತ ತಿಳಿಯಬೇಕು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಅತ್ತೆಯವರು, "ಹುಡುಗಿ ಬಣ್ಣ ಒಂಚೂರು ಕಡಿಮಿ ಆತು" ಅಂದಿದ್ದರು. ಅಷ್ಟರಲ್ಲಾಗಲೇ ಅವರವರೊಳಗೆ ಸಂಬಂಧ ಗಟ್ಟಿಯಾಗಿತ್ತಂತೆ. ಆಮೇಲೆ ನಾನು ಎಷ್ಟು ದಿನ ಕನ್ನಡಿ ಮುಂದೆ ನಿಂತು ಸಂಕಟಪಟ್ಟೆನೋ ಅದು ಅವರ ಲೆಕ್ಕಕ್ಕೇ ಇರಲಿಲ್ಲ. ಬರಬರುತ್ತ ನಾನೂ ಕಲಿತೆ. ಸೀರೆ ಅಂಗಡಿಯಿರಲಿ, ಕಾಯಿಪಲ್ಲೆ ಸಂತೆಯಿರಲಿ, ಈಗ ಈ ಮನೆಯಲ್ಲಿ ನನ್ನಷ್ಟು ಗಟ್ಟಿ ಮುಖದವರು ಇನ್ನೊಬ್ಬರಿಲ್ಲ.

ನನ್ನ ಪಿಯಾನೋ ಹುಚ್ಚು ಅದಕ್ಕಿಂತ ಹಳೆಯದು. ನಾನು ಓದಿದ ಕ್ರಿಶ್ಚಿಯನ್ ಸಾಲೆಯ ಪ್ರಾರ್ಥನಾ ಹಾಲಿನಲ್ಲಿ ಒಂದು ಪಿಯಾನೋ ಇತ್ತು. ಸಿಸ್ಟರ್ ಒಬ್ಬರು ನಾಲ್ಕಾರು ಹುಡುಗಿಯರಿಗೆ ಕಲಿಸುತ್ತಿದ್ದರು, ಅದರಲ್ಲಿ ನಾನೂ ಇದ್ದೆ. ಮೆಟ್ರಿಕ್ ಬಂತು. "ಸಾಕಿನ್ನ, ಓದು ನೋಡಕೋ" ಅಂದರು ಅಪ್ಪ. ಅಲ್ಲಿಗೆ ನಿಂತಿತು. ಬೆರಳುಗಳಿಗೆ ಮಾತ್ರ ಯಾರೂ ಹೇಳಲಿಲ್ಲವೇನೋ, ಮದುವೆಯಾಗಿ ಬಂದ ಮೇಲೂ ಊಟದ ಟೇಬಲ್ಲಿನ ಅಂಚಿನ ಮೇಲೆ ತಮ್ಮ ಪಾಡಿಗೆ ತಾವು ಆಡುತ್ತಿದ್ದವು. "ಅದೇನು ಸುಮ್ಮನ ಕುಟಗೋತ ಕೂತಿ?" ಎಂದು ಅತ್ತೆ ಬೈಯುತ್ತಿದ್ದರು.

ಹೋದ ವರ್ಷ ಮಗಳ ಮದುವೆಯಾಯಿತು. ಅವಳ ಕಪಾಟು, ಮೇಜು ಎಲ್ಲ ಹೋಗಿ ಹಾಲಿನ ಒಂದು ಗೋಡೆ ಖಾಲಿಯಾಯಿತು. ಒಂದು ದಿನ ಊಟಕ್ಕೆ ಕೂತಾಗ ಇವರು, "ಜಾಗಾ ಆಗೇತಲ್ಲ, ನಿನ್ನ ಪಿಯಾನೋ ತಂದಬಿಡೂಣೇನು?" ಎಂದರು. ಮದುವೆಯ ಹೊಸತರಲ್ಲಿ ಯಾವಾಗಲೋ ಒಮ್ಮೆ ಆಸೆ ಹೇಳಿಕೊಂಡಿದ್ದೆ. ಈ ಮನುಷ್ಯ ಇಷ್ಟು ವರ್ಷ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು! ನನಗೆ ಎದೆ ತುಂಬಿ ಬಂತು. ಬಾಯಲ್ಲಿ ಬಂದದ್ದು ಮಾತ್ರ, "ಈ ವಯಸ್ಸಿನ್ಯಾಗ ಯಾಕ ಬೇಕ್ರಿ ಅದೆಲ್ಲ."

ಆದರೂ ನೋಡಲು ಹೋದೆವು. ಹುಬ್ಬಳ್ಳಿಯ ವಾದ್ಯಗಳ ಅಂಗಡಿಯಲ್ಲಿ ಇದ್ದವೆಲ್ಲ ಕರೆಂಟಿನ ಕೀಬೋರ್ಡುಗಳು. ಅಂಗಡಿಯವ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಡೋಲು. ಇವರಿಗೆ ಭಾರೀ ಖುಷಿ. ಒಂದೇ ರೇಟಿನಲ್ಲಿ ಇಡೀ ಬ್ಯಾಂಡ್ ಪಾರ್ಟಿ ಮನೆಗೆ ಬರುತ್ತದಲ್ಲ. ನಾನು ಒಂದು ಕೀ ಒತ್ತಿ ನೋಡಿದೆ. ಮಕ್ಕಳ ಆಟಿಕೆಯ ಹಾಗೆ ಹಗುರ, ಬೆರಳಿಗೆ ಏನೂ ಸಿಕ್ಕಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದದ್ದು ನೋಡಿ ಅಂಗಡಿಯವ, "ಬಾಯಾರ, ನಿಮಗ ಕಟಗೀದು, ಖರೇ ಪಿಯಾನೋ ಬೇಕಂದ್ರ ಧಾರವಾಡದಾಗ ಒಬ್ಬ ಟೀಚರ್ ಮಾರಾಕತ್ತಾರ್ರಿ" ಎಂದು ನಂಬರ್ ಕೊಟ್ಟ.

ಧಾರವಾಡಕ್ಕೆ ಹೊರಟಾಗ ಇವರು ಕಾರಿನಲ್ಲಿ ನನಗೆ ಪಾಠ ಹೇಳಿದರು. "ಎಷ್ಟs ಛಲೋ ಇರಲಿ, ಮುಖದ ಮ್ಯಾಲ ತೋರಿಸಬ್ಯಾಡ." ನನಗೇ ಇದನ್ನು ಹೇಳುತ್ತೀರಾ ಎಂದು ನಕ್ಕೆ.

ಟೀಚರ್ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಜೀವನವೆಲ್ಲ ಸಾಲೆಯ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು. ಗೋವಾದಲ್ಲಿದ್ದ ತಂಗಿಯ ಮಗಳ ಮನೆಗೆ ಹೋಗಿ ಇರುವುದಿತ್ತು. ಅದು ಮೇಲಿನ ಮಹಡಿ, ಪಿಯಾನೋ ಆ ಮೆಟ್ಟಿಲು ಹತ್ತುವುದಿಲ್ಲ. ಕಸೂತಿ ಹಾಕಿದ ಬಟ್ಟೆ ಸರಿಸಿ ಮುಚ್ಚಳ ಎತ್ತಿದರು. ನಾವು ಕೇಳುವ ಮೊದಲೇ ಅದರ ಐಬುಗಳನ್ನೂ ತೋರಿಸಿದರು. "ಮಳಿಗಾಲದಾಗ ಇದೊಂದು ಕೀ ಮ್ಯಾಲ ಏಳಂಗಿಲ್ರಿ, ಬೆರಳಲೇ ಎಬ್ಬಿಸಬೇಕು. ಇಲ್ಲಿ ಬಿಳಿ ಪಟ್ಟಿ ಹಾರೇತಿ ನೋಡ್ರಿ." ತನ್ನ ಮಾಲಿನ ಐಬು ತಾನೇ ಹೇಳುವ ಮಾರಾಟಗಾರರನ್ನು ಇವರು ಜನ್ಮದಲ್ಲಿ ಕಂಡಿರಲಿಲ್ಲ. ಒಳಗೆ ಇನ್ನೇನೋ ಇದೆ ಅಂತ ಸಂಶಯ ಬಂದು ಹಿಂದೆ ಹೋಗಿ ಬಗ್ಗಿ ನೋಡಿದರು, ಮಗ್ಗುಲನ್ನು ಬೆರಳಿನಿಂದ ಬಡಿದರು. "ಹುಳ ಹತ್ತಿದಂಗ ಕಾಣತೈತಿ. ಇದನ್ನ ಒಯ್ಯಾಕ ಹತ್ತು ಮಂದಿ ಹಮಾಲರು ಬೇಕು. ಇಂಥಾದ್ದನ್ನ ಈಗ ಯಾರ ತಗೋತಾರ್ರಿ" ಎಂದರು. ಹುಳ ಗಿಳ ಏನೂ ಇರಲಿಲ್ಲ.

ಟೀಚರ್ ನನ್ನ ಕಡೆ ತಿರುಗಿ, "ನೀವು ಕೂಡ್ರಿ, ಏನರೆ ಬಾರಸ್ರಿ" ಎಂದರು. ಕೂತೆ. ಸಾಲೆಯಲ್ಲಿ ಕಲಿತಿದ್ದ ಪ್ರಾರ್ಥನೆಯ ಧಾಟಿ ಬಲಗೈಗೆ ನೆನಪಿತ್ತು, ಎಡಗೈ ಎರಡು ಸಲ ತಡವರಿಸಿ ಆಮೇಲೆ ಹೇಗೋ ಬಂದು ಕೂಡಿಕೊಂಡಿತು. ಆ ಸಪ್ಪಳ ಮೊಣಕಾಲಿನಿಂದ ಮೈಯೊಳಗೆ ಹತ್ತಿ ಬಂತು. ಇನ್ನೊಂದು ಗಳಿಗೆ ಕೂತಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಹಾಗಾಗಬಾರದೆಂದು ಅರ್ಧಕ್ಕೇ ನಿಲ್ಲಿಸಿ ಎದ್ದೆ.

"ಹೆಂಗನಿಸ್ತರಿ?" ಎಂದು ಕೇಳಿದರು ಟೀಚರ್. ನನ್ನ ಮುಖವನ್ನೇ ನೋಡುತ್ತಿದ್ದರು.

"ನಡೀತೈತ್ರಿ," ಎಂದೆ. "ಹಳೇದಾಗೇತಿ."

"ಹೌದ್ರಿ, ಹಳೇದ ಅದು," ಎಂದು ಅವರು ಬಟ್ಟೆ ಹೊದಿಸಿದರು. ನಮಗೆ ಚಹಾ ಕೊಟ್ಟು, ಗೇಟಿನವರೆಗೆ ಬಂದು ಕಳಿಸಿದರು.

ಕಾರಿನಲ್ಲಿ ಇವರಿಗೆ ನನ್ನ ಬಗ್ಗೆ ಹೆಮ್ಮೆಯೋ ಹೆಮ್ಮೆ. "ನಿನ್ನ ಮುಂದ ನಾ ಏನೂ ಅಲ್ಲ ಬಿಡು. ಇನ್ನ ನಾವಾಗಿ ಫೋನ್ ಮಾಡೂದು ಬ್ಯಾಡ, ಮಾರೂ ಗರಜು ಅವರಿಗೈತಿ. ತಗೊಳ್ಳೂಣಲ್ಲ?" ಎಂದರು. "ಕಡಿಮಿಗೆ ಬಂದ್ರ ನೋಡೂಣು" ಎಂದೆ. ಮರುದಿನ ಇವರು ಅಂಗಡಿಗೆ ಹೋದ ಮೇಲೆ ಗೋಡೆ ಒರೆಸಿದೆ, ದಿವಾನವನ್ನು ಒಬ್ಬಳೇ ನೂಕಿ ಅತ್ತ ಸರಿಸಿದೆ, ಸ್ಟೂಲು ತಂದಿಟ್ಟು ಗೋಡೆಗೆ ಮುಖ ಮಾಡಿ ಕೂತೂ ನೋಡಿದೆ. ಐವತ್ತು ದಾಟಿದ ಹೆಂಗಸು ಖಾಲಿ ಗೋಡೆ ನೋಡುತ್ತ ಕೂತಿದ್ದು ಯಾರಾದರೂ ಕಂಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಫೋನ್ ಮಾತ್ರ ಬರಲಿಲ್ಲ.

ಕೊನೆಗೆ ತಡೆಯಲಾಗದೆ, ಒಂದು ಸಂಜೆ ಇವರು ಮನೆಯಲ್ಲಿದ್ದಾಗಲೇ, ನಾನೇ ಮಾಡಿದೆ.

"ಅದು ನಿನ್ನೆ ಹೋತಲ್ರಿ," ಎಂದರು ಟೀಚರ್, ಬಹಳ ಮೆತ್ತಗೆ. "ಬೆಂಗೇರಿಯಿಂದ ಒಬ್ಬಾಕಿ ಬಂದಿದ್ಲು. ಬಾಗಲದಾಗ ನಿಂತs, 'ಎಷ್ಟು ಛಂದ ಐತ್ರಿ ಟೀಚರ್, ನನಗs ಕೊಡ್ರಿ' ಅಂದ್ಲು. ಕೊಟ್ಟೆ."

ಇವರು ನನ್ನ ಕೈಯಿಂದ ಫೋನ್ ಕಸಿದುಕೊಂಡು, ಯಾರೂ ಕೇಳದೆ, ಟೀಚರ್ ಹೇಳಿದ್ದ ರೇಟನ್ನು ತಾವೇ ಏರಿಸಿದರು. ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಸಾಹೇಬ್ರ, ಕೊಟ್ಟ ಮ್ಯಾಲ ತಿರುಗಿ ಹೆಂಗ ಇಸಕೊಳ್ಳಲಿ" ಎಂದರಂತೆ ಟೀಚರ್.

ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಎರಡು ದಿನ ಬಿಟ್ಟು ಒಬ್ಬಳೇ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಪಿಯಾನೋ ಸಿಗುವುದಿಲ್ಲ ಅಂತ ಗೊತ್ತಿತ್ತು. ಅಷ್ಟು ಛಲೋ ಇದ್ದದ್ದಕ್ಕೆ ಹಳೇದು ಅಂತ ಹೆಸರಿಟ್ಟು ಬಂದದ್ದು ಮಾತ್ರ ಒಳಗೆ ಕೊರೆಯುತ್ತಿತ್ತು. ಟೀಚರ್ ಗಂಟುಮೂಟೆಗಳ ನಡುವೆ ಕೂತು ಹಾಳೆಯಲ್ಲಿ ಚಹಾದ ಕಪ್ಪು-ಬಶಿ ಸುತ್ತುತ್ತಿದ್ದರು. ಕೂಡುವುದಕ್ಕೂ ಮೊದಲೇ ಹೇಳಿಬಿಟ್ಟೆ. "ಟೀಚರ್, ಖರೇ ಹೇಳತೇನಿ, ಅದು ನನಗ ಭಾಳ ಮನಸ್ಸಿಗೆ ಬಂದಿತ್ತು. ನಾವು ವ್ಯಾಪಾರದ ಮಂದಿ. ಬೇಕಾದದ್ದನ್ನs ಬ್ಯಾಡ ಅನ್ನಾವ್ರು."

ಕೈಯಲ್ಲಿದ್ದ ಬಶಿಯನ್ನು ಅವರು ಕೆಳಗಿಟ್ಟರು.

"ನೀವು ಬಾರಸೂವಾಗ, ಈಕಿಗೇ ಕೊಡಬೇಕು ಅಂತ ನಾ ನಿಶ್ಚಯ ಮಾಡಿದ್ದೆರಿ," ಎಂದರು. "ರೊಕ್ಕದ ಮಾತs ಇರಲಿಲ್ಲ. ಆಮ್ಯಾಲ ನಿಮ್ಮ ಮುಖ ನೋಡಿದೆ. ಪಾಪ, ಈಕಿಗೆ ಇದು ಬೇಕಾಗಿಲ್ಲ, ಗಂಡ ಜುಲುಮಿಲೆ ಕೊಡಸಾಕತ್ತಾನ ಅನಿಸ್ತು. ಅದಕ್ಕs ನಾ ಫೋನ್ ಮಾಡಲಿಲ್ಲ."

ಮತ್ತೆ ಅದೇ ಚಹಾ ಕುಡಿದೆ, ಅವರ ಕಾಲು ಮುಟ್ಟಿ ಬಂದೆ.

ಸಂಜೆ ಇವರು ಅಂಗಡಿಯಿಂದ ಬಂದು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಜುಲುಮಿ ಅಂದ್ರಾ?" ಎಂದು ಕೇಳಿ ದಿವಾನದ ಮೇಲೆ ಕೂತರು. ಈ ಮನುಷ್ಯ ನಾನು ಮತ್ತೆ ಬಾಯಿ ಬಿಡದಿದ್ದರೂ ನನ್ನ ಹಳೆಯ ಆಸೆ ನೆನಪಿಟ್ಟುಕೊಂಡು ಹೊರಟವರು. ಆಮೇಲೆ ಅಂಜುತ್ತಂಜುತ್ತ ಕೇಳಿದರು, "ನನ್ನ ಮುಂದರೆ ಖರೇ ಹೇಳು. ನಿನಗ ಅದು ಬೇಕಾಗಿತ್ತೇನು?"

ಅಷ್ಟು ವರ್ಷ ಜೊತೆಗಿದ್ದವರಿಗೂ ನನ್ನ ಮುಖ ನೋಡಿ ಗೊತ್ತಾಗಿರಲಿಲ್ಲ.

"ಭಾಳ ಬೇಕಾಗಿತ್ರಿ," ಎಂದೆ, ಅಂದವಳೇ ಅತ್ತುಬಿಟ್ಟೆ. ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟರು.