ಐಸಿಲ್ಲದ ಊರಿನ ಹಾಕಿ ಕೋಲು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಆತ್ರೇಯನದು ಕನ್ನಡಕದ ಅಂಗಡಿ. ಊರು ತೀರ್ಥಹಳ್ಳಿ ಕಡೆಯ ಮೇಳಿಗೆ. ಮನೆಯವರೆಲ್ಲ ದೇವಸ್ಥಾನದ ಪೂಜೆ ಇಲ್ಲವೇ ಶಾಲೆಯ ಮೇಷ್ಟ್ರಿಕೆ ಹಿಡಿದರೆ ಇವನೊಬ್ಬ ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಸಾಗರಕ್ಕೆ ಬಂದು ನೆಲೆನಿಂತ. ದಿನವಿಡೀ ಅವನ ಬಾಯಲ್ಲಿ ಒಂದೇ ಮಾತು. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಒಂದು ಗಾಜು ಹಾಕುವುದು, ತೆಗೆದು ಇನ್ನೊಂದು ಹಾಕುವುದು, "ಇದು ಚೆನ್ನಾಗಿದ್ಯಾ, ಇದು ಚೆನ್ನಾಗಿದ್ಯಾ?" ಎಂದು ಕೇಳುವುದು. ಜನ ಥಟ್ಟನೆ "ಮೊದ್ಲಿಂದು" ಎಂದುಬಿಡುತ್ತಿದ್ದರು. ಅದು ಹೇಗೆ ಅಷ್ಟು ಬೇಗ ಹೇಳುತ್ತಾರೆ ಎಂಬುದೇ ಅವನಿಗೆ ಸೋಜಿಗ.

ಯಾಕೆಂದರೆ ತನ್ನ ಪಾಲಿಗೆ ಯಾವುದನ್ನೂ ಆರಿಸಲು ಅವನಿಂದ ಆಗುತ್ತಿರಲಿಲ್ಲ. ಸ್ಕೂಟರ್ ತೆಗೆದುಕೊಳ್ಳಬೇಕೆಂದು ಶಿವಮೊಗ್ಗದ ಶೋರೂಮುಗಳನ್ನೆಲ್ಲ ಸುತ್ತಿ, ಕೊನೆಗೆ ಒಂದನ್ನು ಮೆಚ್ಚಿ ಹೋದಾಗ, ಆ ಮಾಡೆಲ್ ಬರುವುದೇ ನಿಂತುಹೋಗಿತ್ತು. ಹೆಣ್ಣು ನೋಡಲು ಹೋದಾಗಲೂ ಅಷ್ಟೇ. "ಸ್ವಲ್ಪ ಯೋಚ್ನೆ ಮಾಡಿ ಹೇಳ್ತೇನೆ" ಎಂದನಂತೆ. ಹುಡುಗಿ ಅಪೇಕ್ಷಾ ಬಾಗಿಲ ಹತ್ತಿರ ನಿಂತೇ, "ಯೋಚ್ನೆ ನಾನು ಮಾಡಿ ಆಯ್ತು. ನೀವು ಕಾಫಿ ಕುಡೀರಿ" ಎಂದಳಂತೆ. ಹಾಗೆ ಮದುವೆಯಾಯಿತು. ಅಲ್ಲಿಂದ ಮುಂದೆ ಮನೆಯ ತೀರ್ಮಾನಗಳೆಲ್ಲ ಅವಳವೇ. ಅವಳು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು. ಯಾವುದು ಎಲ್ಲಿರಬೇಕು ಎಂಬುದರಲ್ಲಿ ಅವಳಿಗೆ ಎರಡು ಮಾತಿರಲಿಲ್ಲ.

ಇಂಥ ಆತ್ರೇಯ ನಲವತ್ತು ದಾಟಿದ ಮೇಲೆ ಐಸ್ ಹಾಕಿಗೆ ಬಿದ್ದ.

ಸಾಗರದಲ್ಲಿ ಐಸ್ ಎಂದರೆ ಮೀನಿನ ಪೆಟ್ಟಿಗೆಯಲ್ಲಿರುವುದು, ಇಲ್ಲವೇ ಕ್ಯಾಂಡಿ ಡಬ್ಬದಲ್ಲಿರುವುದು. ಅದರ ಮೇಲೆ ಯಾರೂ ಓಡಾಡಿದವರಿಲ್ಲ, ಹವಾಲ್ದಾರ್ ನಾಗೇಂದ್ರ ಒಬ್ಬರನ್ನು ಬಿಟ್ಟು. ಹೊಸನಗರದ ಒಕ್ಕಲು ಮನೆತನದ ಅವರು ಸೈನ್ಯದಲ್ಲಿದ್ದಾಗ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆ ಆಟ ಕಲಿತಿದ್ದರು. ನಿವೃತ್ತರಾಗಿ ಸಾಗರಕ್ಕೆ ಬಂದು ಡ್ರೈವಿಂಗ್ ಸ್ಕೂಲ್ ಇಟ್ಟ ಮೇಲೂ ಹುಚ್ಚು ಬಿಡಲಿಲ್ಲ. ಐಸ್ ಇಲ್ಲದಿದ್ದರೆ ಬೇಡ, ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟಿಂಗ್ ಬೂಟು ಹಾಕಿಕೊಂಡು ನುಣ್ಣನೆಯ ನೆಲದ ಮೇಲೆ ಆಡಿದರಾಯಿತು. ಕೋಲು, ಹೆಲ್ಮೆಟ್ಟು, ಕೈಗವಸು ಎಲ್ಲ ಐಸ್ ಹಾಕಿಯದೇ. ನುಣ್ಣನೆಯ ನೆಲ ಎಲ್ಲಿ? ಕಲ್ಯಾಣ ಮಂಟಪದಲ್ಲಿ. ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲವಲ್ಲ! ಮಂಟಪದವರೂ ಖಾಲಿ ಬಿದ್ದಿರುವ ಬದಲು ಇರಲಿ ಎಂದು ಬೀಗದ ಕೈ ಕೊಟ್ಟರು. ಸಾಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ತಂಡವೂ ಆಯಿತು. ಹೀಗೆ ಮಲೆನಾಡಿನ ಐಸ್ ಹಾಕಿಗೆ ಆಷಾಢವೇ ಸೀಸನ್ನಾಯಿತು.

ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದ ನಾಗೇಂದ್ರ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೇನೆ ಎಂದು ಗೊಣಗುತ್ತಿದ್ದ ಆತ್ರೇಯನನ್ನು ಒಂದು ಸಂಜೆ ಮಂಟಪಕ್ಕೆ ಕರೆದೊಯ್ದರು. ಬೂಟು ಕಟ್ಟಿ ಬಿಟ್ಟರು. ಆತ್ರೇಯ ನಿಲ್ಲಬೇಕೆಂದುಕೊಂಡ, ನಿಲ್ಲಲಾಗಲಿಲ್ಲ. ತಿರುಗಬೇಕೆಂದುಕೊಂಡ, ಆಗಲಿಲ್ಲ. ನೇರವಾಗಿ ಹೋಗಿ ವಧೂವರರು ಕೂರುವ ವೇದಿಕೆಗೆ ಢಿಕ್ಕಿ ಹೊಡೆದು ಅದರ ಮೇಲೆ ಮಕಾಡೆ ಮಲಗಿದ.

"ಸಾರ್, ಬ್ರೇಕ್ ಒತ್ತೋಕ್ ಮುಂಚೆ ಕ್ಲಚ್ ಬಿಟ್ರಲ್ಲ!" ಎಂದು ನಾಗೇಂದ್ರ ಕೂಗಿದರು.

ಬಿದ್ದವನು ನಗುತ್ತಿದ್ದ. ಅಷ್ಟು ವೇಗದಲ್ಲಿ ಹೋಗುವಾಗ ಎಡಕ್ಕೋ ಬಲಕ್ಕೋ ಎಂದು ಯೋಚಿಸಲು ಪುರುಸೊತ್ತೇ ಇರಲಿಲ್ಲ. ಆ ಸುಖ ಅವನಿಗೆ ಹೊಸದು.

ಆದರೆ ಸ್ವಂತ ಕೋಲು ಬೇಕಲ್ಲ? ಅಲ್ಲಿ ಹಳೆಯ ಆತ್ರೇಯ ಎದ್ದು ಕೂತ. ಮರದ ಕೋಲೋ, ಕಾರ್ಬನ್ನಿನದೋ? ಮರದ್ದು ಭಾರ, ಆದರೆ ಬಾಳಿಕೆ. ಕಾರ್ಬನ್ ಹಗುರ, ಆದರೆ ಒಮ್ಮೆ ಸೀಳಿದರೆ ಮುಗಿಯಿತು. ಹೆಚ್ಚು ಬಾಗುವುದೋ, ಬಾಗದೆ ಬಿರುಸಾಗಿರುವುದೋ? ತುದಿಯ ಚಪ್ಪಟೆ ಬ್ಲೇಡಿನ ಡೊಂಕು ಎಷ್ಟಿರಬೇಕು? ಉದ್ದ ಗಲ್ಲದವರೆಗೋ, ಮೂಗಿನವರೆಗೋ? ನಾಗೇಂದ್ರರ ಹಳೆಯ ಎರಡು ಕೋಲು ತಂದು ಅಂಗಡಿಯ ಕೌಂಟರಿಗೆ ಒರಗಿಸಿಟ್ಟ. ಕಣ್ಣು ತೋರಿಸಲು ಬಂದವರಿಗೆ ಗಾಜಿನ ಪರೀಕ್ಷೆ ಮುಗಿದ ಮೇಲೆ ಕೋಲಿನ ಪರೀಕ್ಷೆ ಶುರು.

"ಅಮ್ಮಾ, ಕೈಯಲ್ಲಿ ಹಿಡಿದು ಹೇಳಿ. ಇದು ಚೆನ್ನಾಗಿದ್ಯಾ, ಇದು ಚೆನ್ನಾಗಿದ್ಯಾ?"

ಕಣ್ಣಿನ ಪೊರೆ ತೆಗೆಸಿಕೊಂಡು ಹೊಸದಾಗಿ ಕನ್ನಡಕಕ್ಕೆ ಬಂದಿದ್ದ ದುಗ್ಗಮ್ಮ ಎಂಬ ಮುದುಕಿ ಎರಡನ್ನೂ ತೂಗಿ ನೋಡಿ, "ಎರಡೂ ಸೊಟ್ಟಗಿದಾವಲ್ಲ ಮಗಾ. ಕನ್ನಡ್ಕ ಸರಿ ಇಲ್ಲ ಕಾಣ್ತದೆ, ಬೇರೆ ಹಾಕು" ಎಂದಳು. ಅದು ಸೊಟ್ಟಗೇ ಇರುವುದು ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ಕೈಯದು. ಈ ಆಟದಲ್ಲಿ ಎಡಗೋಲು, ಬಲಗೋಲು ಬೇರೆ ಬೇರೆ; ಕೆಳಗೆ ಹಿಡಿಯುವ ಕೈಯ ಹೆಸರೇ ಕೋಲಿಗೆ. ಬಲಗೈಯಲ್ಲಿ ಬರೆಯುವವರು ಎಷ್ಟೋ ಸಲ ಎಡಗೋಲಿನವರಾಗಿರುತ್ತಾರೆ. "ಕೋಲಿನ ಮೇಲ್ತುದಿಗೆ ನಿಮ್ದು ಯಾವ ಕೈ ಹೋಗುತ್ತೆ ನೋಡ್ಕಳಿ ಸಾರ್. ಮನೇಲಿ ನೆಲ ಒರ್ಸುವಾಗ ಮಾಪ್ ಹೆಂಗೆ ಹಿಡೀತೀರಿ, ಹಂಗೇ" ಎಂದರು ನಾಗೇಂದ್ರ.

ಆತ್ರೇಯ ತಲೆ ಕೆರೆದುಕೊಂಡ. ಅವನು ಹುಟ್ಟಿದ ಮೇಲೆ ಮಾಪ್ ಹಿಡಿದೇ ಇರಲಿಲ್ಲ.

ಮರುದಿನದಿಂದ ಹಿಡಿದ. ಒಂದು ದಿನ ಬಲಗೈ ಮೇಲೆ, ಒಂದು ದಿನ ಎಡಗೈ ಮೇಲೆ. ಜಗಲಿ, ನಡುಮನೆ, ಅಡುಗೆಮನೆ ಎಲ್ಲ ಫಳಫಳ. ಅಪೇಕ್ಷಾ ಕಾಫಿ ಲೋಟ ಹಿಡಿದು ಕಾಲು ಮೇಲೆತ್ತಿ ಕೂತಳು. ಅಷ್ಟರಲ್ಲಿ ಮೇಳಿಗೆಯಿಂದ ಆತ್ರೇಯನ ತಾಯಿ ವಿಶಾಲಾಕ್ಷಮ್ಮ ಬಂದರು. ಮಗ ಬಗ್ಗಿ ನೆಲ ಒರೆಸುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು.

"ಎಂತ ಮಾರಾಯ್ತಿ ಇದು? ಇವನ ಕೈಲಿ ನೆಲ ಒರೆಸಿಸ್ತಿದೀಯಾ?"

"ನಾನು ಒರೆಸಿಸ್ತಿಲ್ಲ ಅತ್ತೆ. ಅವ್ರದ್ದು ಯಾವ ಕೈ ಅಂತ ಗೊತ್ತಾಗ್ಬೇಕಂತೆ."

"ನಲವತ್ತು ವರ್ಷ ಉಣ್ಣುವಾಗ ಗೊತ್ತಿತ್ತಲ್ಲ ಅವನಿಗೆ!" ಎಂದವರು ಒಳಗೆ ಬಂದು ಮಗನ ಕೆಲಸವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ ಸೊಸೆಗೆ, "ದೇವರ ಕೋಣೆಯ ಮೂಲೇಲಿ ಜಿಡ್ಡು ಉಳಿದು ಹೋಗಿದೆ. ಇವನಿಗೆ ಗೊತ್ತಾಗೋಕೆ ಮುಂಚೆ ಅದೂ ಮಾಡಿಸ್ಕೊ" ಎಂದರು.

ಬಲಗೈ ಮೇಲೆ ಎಂದು ಕೊನೆಗೂ ಖಾತ್ರಿಯಾಯಿತು. ಎಡಗೋಲು, ಕಾರ್ಬನ್ನಿನದು, ಹದವಾಗಿ ಬಾಗುವುದು. ಹೀಗೆ ಒಂದೊಂದಾಗಿ ತೀರ್ಮಾನವಾಗಿ ಉಳಿದದ್ದು ಹೆಲ್ಮೆಟ್ಟು. ಅದರ ಮುಂದೆ ಕಬ್ಬಿಣದ ಜಾಲರಿಯೋ, ಪಾರದರ್ಶಕ ಗಾಜಿನಂಥ ಮುಖಕವಚವೋ? ಇದರಲ್ಲಿ ಮಾತ್ರ ಆತ್ರೇಯ ಯಾರನ್ನೂ ಕೇಳಲಿಲ್ಲ. ನೋಟದ ವಿಷಯ ಅವನ ವಿಷಯ. ಜಾಲರಿ ಎಂದರೆ ಕಿಟಕಿಯ ಸರಳಿನ ಹಿಂದೆ ನಿಂತು ಲೋಕ ನೋಡಿದ ಹಾಗೆ. ಮುಖಕವಚ ಎಂದರೆ ಕಣ್ಣಿಗೆ ಅಡ್ಡಿಯೇ ಇಲ್ಲ. "ನಮ್ಮಲ್ಲಿ ಜಾಲರೀನೇ ಒಳ್ಳೇದು ಸಾರ್" ಎಂದು ನಾಗೇಂದ್ರ ಹೇಳಿದ್ದನ್ನು ಕೇಳಿಸಿಕೊಳ್ಳದೆ ಮುಖಕವಚಕ್ಕೇ ಆರ್ಡರ್ ಹಾಕಿದ.

ಎಲ್ಲ ಬರುವಷ್ಟರಲ್ಲಿ ಆಷಾಢ ಮುಗಿಯುತ್ತ ಬಂದಿತ್ತು. ಉದ್ದನೆಯ ಪೆಟ್ಟಿಗೆ ನೋಡಿ ಕೊರಿಯರಿನವನು "ಪರದೆ ಕೋಲಾ ಸಾರ್?" ಎಂದ. ಕೋಲು ಹೆಚ್ಚು ಉದ್ದವಿತ್ತು, ಮೇಲ್ತುದಿ ಕತ್ತರಿಸಬೇಕಿತ್ತು. ಆತ್ರೇಯ ಸ್ಕೇಟಿಂಗ್ ಬೂಟು ಹಾಕಿ ನಡುಮನೆಯ ಕಂಬ ಹಿಡಿದು ನಿಂತು, ಗಲ್ಲಕ್ಕೆ ಒಂದು ಗುರುತು, ತುಟಿಗೆ ಒಂದು ಗುರುತು, ನಡುವೆ ಇನ್ನೊಂದು ಗುರುತು ಮಾಡಿದ. ಮೂರನ್ನೂ ನೋಡುತ್ತ ನಿಂತ. ಅಪೇಕ್ಷಾ ಗರಗಸ ತಂದು, "ಬಾಯಿ ಮುಚ್ಚಿ" ಎಂದಳು. ಮುಚ್ಚಿದ. ಅವಳು ಗಲ್ಲದ ಗುರುತಿಗೆ ಸರಿಯಾಗಿ ಕೊಯ್ದು, ತುಂಡನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಕಡೆಯ ಭಾನುವಾರ ಸಾಗರಕ್ಕೂ ತೀರ್ಥಹಳ್ಳಿಗೂ ಪಂದ್ಯ. ಇಬ್ಬರಿಗೂ ನಡುವೆ ಆಗಲಿ ಎಂದು ಹೊಸನಗರದ ಮಂಟಪ. ಹೊರಗೆ ಮಳೆ ಹಿಡಿದು ಬಾರಿಸುತ್ತಿತ್ತು. ಮಂಟಪದ ಕುರ್ಚಿಗಳಲ್ಲಿ ಎರಡೂ ಊರಿನ ಮನೆಯವರು, ಇನ್ನು ಕೆಲವರು ಏನೋ ಸಮಾರಂಭವಿರಬಹುದೆಂದು ಒಳಗೆ ಬಂದು ಊಟವಿಲ್ಲವೆಂದು ತಿಳಿದ ಮೇಲೂ ಕೂತವರು.

ಸೀಟಿ ಕೂಗಿತು. ಆತ್ರೇಯ ನಾಲ್ಕು ಹೆಜ್ಜೆ ಜಾರಿದ. ಐದನೆಯದಕ್ಕೆ ಅವನ ಬಿಸಿಯುಸಿರು ಮುಖಕವಚದ ಒಳಗೆಲ್ಲ ಹಬ್ಬಿ ಲೋಕ ಬೆಳ್ಳಗಾಯಿತು. ಬೆಳಕು ಇತ್ತು, ಆಕಾರಗಳಿರಲಿಲ್ಲ. ಸಾಗರದ ಅರ್ಧ ಜನರ ಕಣ್ಣು ಸರಿ ಮಾಡಿದವನಿಗೆ ತನ್ನ ಮೂಗಿನ ಮುಂದೇನಿದೆಯೆಂದು ಕಾಣದಾಯಿತು.

"ಸಾರ್, ವೈಪರ್ ಹಾಕಿ! ವೈಪರ್!" ನಾಗೇಂದ್ರರ ದನಿ ಎಲ್ಲಿಂದಲೋ ಬಂತು.

ಆಟದ ಚೆಂಡು ಕಿತ್ತಳೆ ಬಣ್ಣದ್ದು. ಮಬ್ಬಿನಲ್ಲಿ ಕಿತ್ತಳೆ ಬಣ್ಣದ್ದೇನೋ ಕಂಡಿತು. ಆತ್ರೇಯ ಹೊಸ ಕೋಲನ್ನು ಬಾಗಿಸಿ ಬಲವಾಗಿ ಹೊಡೆದ. "ಅಯ್ಯೋ!" ಎಂಬ ಹೆಣ್ಣು ದನಿ ಕೇಳಿತು. ಅದು ಯಾರೋ ನೆಲದಲ್ಲಿಟ್ಟಿದ್ದ ನೀರಿನ ಬಾಟಲಿ. ಅರ್ಧ ಆಟ ಮುಗಿಯುವಾಗ ತೀರ್ಥಹಳ್ಳಿ ಮೂರು ಗೋಲು ಮುಂದಿತ್ತು.

ವಿರಾಮದಲ್ಲಿ ತೀರ್ಥಹಳ್ಳಿಯ ನಾಯಕ, ಬೇಕರಿಯ ನಟರಾಜ ಹತ್ತಿರ ಬಂದ. ಅವನದು ಹಳೆಯ ಜಾಲರಿಯ ಹೆಲ್ಮೆಟ್ಟು. ಕಣ್ಣೆಲ್ಲ ಆತ್ರೇಯನ ಮುಖಕವಚದ ಮೇಲೆ.

"ಎಂತ ಚಂದ ಇದೆ ಮಾರಾಯ್ರೆ! ಒಂದರ್ಧ ಆಟಕ್ಕೆ ಕೊಡ್ತೀರಾ? ನಂದು ನೀವು ಹಾಕ್ಕೊಳ್ಳಿ."

"ಕೊಡ್ತೇನೆ. ಆದ್ರೆ ಮೊದ್ಲೇ ಹೇಳ್ತೇನೆ, ಇದು ಮಂಜು ಹಿಡಿಯುತ್ತೆ. ಏನೂ ಕಾಣಲ್ಲ."

"ನಂಗೆ ಮಂಜಿನ ಕಥೆ ಹೇಳ್ಬೇಡಿ. ಆಗುಂಬೆ ಘಾಟಿಯಲ್ಲಿ ದಿನಾ ವ್ಯಾನು ಇಳಿಸೋನು ನಾನು."

ಆತ್ರೇಯ ಹೆಲ್ಮೆಟ್ಟು ಬಿಚ್ಚಿ ಕೊಟ್ಟೇಬಿಟ್ಟ. ಒಂದು ಕ್ಷಣವೂ ಯೋಚಿಸಿರಲಿಲ್ಲ. ಕುರ್ಚಿಯಲ್ಲಿದ್ದ ಅಪೇಕ್ಷಾ ಬೆರಗಾಗಿ ಎದ್ದು ನಿಂತಳು.

ಎರಡನೆಯ ಅರ್ಧದಲ್ಲಿ ಜಾಲರಿಯ ಸರಳುಗಳ ನಡುವೆ ಆತ್ರೇಯನಿಗೆ ಎಲ್ಲವೂ ಕಂಡಿತು. ಚೆಂಡು ಕಂಡಿತು, ಗೋಲು ಕಂಡಿತು, ಎಂದೂ ಇಲ್ಲದಂತೆ ಎರಡನ್ನೂ ಸೇರಿಸುವ ದಾರಿಯೂ ಕಂಡಿತು. ಅವನು ಒಂದು ಗೋಲು ಹೊಡೆದ. ನಾಗೇಂದ್ರ ಎರಡು ಹೊಡೆದರು. ಸಮವಾಯಿತು. ಆಗ ನಟರಾಜ ಚೆಂಡು ಹಿಡಿದು ಗಾಳಿಯಂತೆ ಹೊರಟ. ಎಲ್ಲರನ್ನೂ ದಾಟಿದ, ತನ್ನವರನ್ನೂ ದಾಟಿದ, ತನ್ನದೇ ಗೋಲಿಗೆ ಚೆಂಡು ಬಾರಿಸಿ ಎರಡೂ ಕೈಯೆತ್ತಿ ಕುಣಿದ.

ಸಾಗರ ಗೆದ್ದಿತು. ಗೆದ್ದವರಿಗೆ ನಗು ತಡೆಯದಾಯಿತು, ಸೋತವರಿಗೂ ಅಷ್ಟೇ. ಆತ್ರೇಯನಿಗೆ ಮಾತ್ರ ಸಂಕಟ. ಟೀ ಲೋಟ ಹಿಡಿದು ನಟರಾಜನ ಪಕ್ಕದಲ್ಲಿ ಕೂತ.

"ಕ್ಷಮಿಸಿ ಮಾರಾಯ್ರೆ. ನಾನು ಕೊಡಬಾರದಿತ್ತು. ಅದ್ರಲ್ಲಿ ಏನೂ ಕಾಣೋದಿಲ್ಲ."

"ಛೆ, ಛೆ, ಅದ್ರ ತಪ್ಪಿಲ್ಲ" ಎಂದ ನಟರಾಜ. "ನನ್ನ ಹೆಲ್ಮೆಟ್ಟಿಗೂ ಅದಕ್ಕೂ ನಂಗೆ ಎಂತ ವ್ಯತ್ಯಾಸನೂ ಗೊತ್ತಾಗ್ಲಿಲ್ಲ."

ಆತ್ರೇಯ ಟೀ ಕೆಳಗಿಟ್ಟ. "ಗೊತ್ತಾಗ್ಲಿಲ್ವಾ?"

"ಇಲ್ಲಪ್ಪ. ಮೊದಲರ್ಧದಲ್ಲೂ ಹಂಗೇ ಇತ್ತು. ಜಾಲರಿ ಕಣ್ಣಿಗೆ ಅಡ್ಡ ಬಂದು ಮಬ್ಬಾಗುತ್ತೆ ಅಂದ್ಕೊಂಡಿದ್ದೆ. ಗೋಲು ಯಾವ ಕಡೆ ಅಂತ ನಮ್ ಹುಡುಗ್ರು ಕೂಗ್ತಿದ್ರು, ಈ ಸಲ ಮಳೆ ಸದ್ದಲ್ಲಿ ಕೇಳಿಸ್ಲಿಲ್ಲ."

"ವ್ಯಾನು ಘಾಟಿ ಇಳಿಸೋದು ನೀವೇ ಅಂದ್ರಲ್ಲ?"

"ಹೌದು."

"ಇವತ್ತು ಇಳಿಸ್ಬೇಡಿ" ಎಂದ ಆತ್ರೇಯ.

ಸೋಮವಾರ ನಟರಾಜ ಬಸ್ಸಿನಲ್ಲಿ ಸಾಗರಕ್ಕೆ ಬಂದು ಅಂಗಡಿಯ ಕುರ್ಚಿಯಲ್ಲಿ ಕೂತ. ಮೇಲಿನ ಸಾಲಿನ ದೊಡ್ಡ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ಇರುವೆ ಸಾಲು. ದಪ್ಪ ಗಾಜಿನ ಕನ್ನಡಕ ಸಿದ್ಧವಾದ ದಿನ ಆತ್ರೇಯನೇ ಅದನ್ನು ತೀರ್ಥಹಳ್ಳಿಗೆ ಒಯ್ದು, ಬೇಕರಿಯ ಮುಂದೆ ನಿಲ್ಲಿಸಿ ಮೂಗಿನ ಮೇಲೆ ಕೂರಿಸಿದ. ನಟರಾಜ ರಸ್ತೆ ನೋಡಿದ, ಆಚೆ ಬದಿಯ ಮರದ ಎಲೆಗಳನ್ನು ನೋಡಿದ, ಹೆಂಡತಿಯ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿ ಅವಳು ನಾಚಿ ಒಳಗೆ ಹೋಗುವಂತೆ ಮಾಡಿದ. ಆಮೇಲೆ ತಲೆಯೆತ್ತಿ ತನ್ನ ಅಂಗಡಿಯ ಬೋರ್ಡು ನೋಡಿ ಅಲ್ಲೇ ಕಂಬವಾದ.

ಬೇಕರಿಯ ಹೆಸರಿನ ಕೆಳಗೆ 'ಶುದ್ಧ ಸಸ್ಯಾಹಾರಿ' ಎಂದು ಬರೆಯಲು ಅವನು ಪೇಂಟರಿಗೆ ಹೇಳಿದ್ದ. ಅಲ್ಲಿ ಕೆಂಪು ಅಕ್ಷರಗಳಲ್ಲಿ 'ಶುದ್ಧ ಸಂಸಾರಿ' ಎಂದಿತ್ತು.

"ಇದು ಯಾವಾಗಿಂದ ಹೀಗಿದೆ?" ಎಂದ ನಟರಾಜ ಪಕ್ಕದಂಗಡಿಯ ಮಂಜಯ್ಯನವರಿಗೆ.

"ಅಂಗಡಿ ಶುರುವಾದಾಗಿಂದ" ಎಂದರು ಮಂಜಯ್ಯ. "ನೀನೇ ಬೇಕು ಅಂತ ಬರೆಸಿದ್ದು ಅಂದ್ಕೊಂಡಿದ್ವಿ. ಒಳ್ಳೇ ಮಾತೇ ಅಲ್ವಾ, ಯಾಕೆ ಕೇಳೋದು ಅಂತ ಸುಮ್ನಿದ್ವಿ."