ಮುನಿಲಕ್ಷ್ಮಮ್ಮನ ಡಬ್ಬಿಗಳು

ಟಣ್, ಟಣ್, ಟಣ್. ಕೊಡಿಗೇಹಳ್ಳಿಯ ನಮ್ಮ ಮನೆಯ ಗೇಟಿಗೆ ಸೌಟಿನಲ್ಲಿ ಬಡಿಯುವ ಸದ್ದು. ಗೇಟಿನ ಪಕ್ಕದಲ್ಲೇ ಕಾಲಿಂಗ್ ಬೆಲ್ ಇತ್ತು. ನಮ್ಮ ಯಜಮಾನರು ಇದ್ದಾಗ ಆಸೆಪಟ್ಟು ಹಾಕಿಸಿದ್ದು. ಒತ್ತಿದರೆ ಗುಬ್ಬಚ್ಚಿ ಹಾಗೆ ಕೂಗುತ್ತಿತ್ತು. ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಒಂದು ದಿನವೂ ಅದನ್ನು ಮುಟ್ಟಲಿಲ್ಲ. "ಆ ಅಕ್ಕೀನ ಸುಮ್ಕೆ ಯಾಕಕ್ಕಾ ಇಂಸೆ ಮಾಡಾದು?" ಎನ್ನುತ್ತಿದ್ದರು. ಅಕ್ಕಿ ಅಂದರೆ ಹಕ್ಕಿ ಅಂತ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಅಲ್ಲಿಯವರೆಗೆ ಡಬ್ಬದಲ್ಲಿದ್ದ ಸೋನಾ ಮಸೂರಿಗೆ ನಾನೇನು ಹಿಂಸೆ ಮಾಡಿದೆ ಅಂತ ಯೋಚಿಸುತ್ತಿದ್ದೆ.

ಅವರು ಹಳೇ ಊರಿನವರು. ಅವರ ಮಾವನ ರಾಗಿ ಹೊಲದ ಮೇಲೇ ಈಗಿನ ಸರ್ವಿಸ್ ರೋಡು ಹೋಗಿದೆ. ಎತ್ತರದ ಆಳು, ಸೊಂಟದಲ್ಲಿ ಬೀಗದ ಕೈ ಗೊಂಚಲು, ನಾನು 'ಗುಡ್ ಮಾರ್ನಿಂಗ್' ಅಂದರೆ "ಆಯ್ತಾ ತಿಂಡಿ?" ಅಂತ ಉತ್ತರ. ನಾನು ಕಾನ್ವೆಂಟಿನಲ್ಲಿ ಓದಿದವಳು, ಬೀದಿ ನಾಯಿಗೂ 'ಶೂ, ಗೋ ಅವೇ' ಅನ್ನುವ ಅಭ್ಯಾಸ. "ಕನ್ನಡದಾಗೆ ಬೈದ್ರೇ ಅದು ಕೇಳಾಕಿಲ್ಲ, ನೀವ್ ಬೇರೆ ಇಂಗ್ಲೀಸು" ಎಂದು ನಕ್ಕು ಅವತ್ತಿನಿಂದ ನನಗೆ ಇಂಗ್ಲೀಸಕ್ಕ ಅಂತ ಹೆಸರಿಟ್ಟರು.

ಅವರ ಮನೆಯ ಕಾನೂನು ಒಂದೇ: ಪಾತ್ರೆ ಖಾಲಿ ವಾಪಸ್ ಹೋಗಬಾರದು. ಅವರು ಅವರೆಕಾಳು ಸಾರು ಕಳಿಸಿದರೆ ಆ ಡಬ್ಬಿಯಲ್ಲಿ ನಾನು ಕೊನೇ ಪಕ್ಷ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಒಮ್ಮೆ ತುಂಬ ಪ್ರೀತಿಯಿಂದ ಕ್ಯಾರಮೆಲ್ ಕಸ್ಟರ್ಡ್ ಮಾಡಿ ಕೊಟ್ಟೆ. ಹೇಗಿತ್ತು ಅಂದರೆ, "ಚೆನ್ನಾಗಿತ್ತಕ್ಕ. ಮುದ್ದೆ ಸಲೀಸಾಗಿ ಇಳೀತು" ಅಂದರು. ಹೀಗೆ ವರ್ಷಾನುಗಟ್ಟಲೆ ಕಾಂಪೌಂಡಿನ ಮೇಲೆ ಡಬ್ಬಿಗಳು ಓಡಾಡಿ, ಯಾವುದು ಯಾರದೆಂಬ ವಿಚಾರವೇ ಮರೆತುಹೋಗಿತ್ತು.

ಆಮೇಲೆ ನಾನು ಮೆಲ್ಬರ್ನಿನಲ್ಲಿರುವ ಮಗಳ ಹತ್ತಿರ ಹೋಗಿಬಿಡುವುದೆಂದು ತೀರ್ಮಾನವಾಯಿತು. ಮನೆ ಮಾರಿದ್ದಾಯಿತು. ಶುಕ್ರವಾರ ಕೀ ಕೊಡಬೇಕು, ಇರುವುದು ಎರಡು ಸೂಟ್‌ಕೇಸು. ಹದಿನೈದು ದಿನದ ಹಿಂದೆ ಅಟ್ಟದಿಂದ ಇಳಿಸಿದ್ದನ್ನೆಲ್ಲ ಮತ್ತೆ ಹಾಲಿನಲ್ಲಿ ಹರಡಿಕೊಂಡು ಕೂತೆ: ಶಾಲೆಯಲ್ಲಿ ಎಲೊಕ್ಯೂಷನ್‌ಗೆ ಸಿಕ್ಕಿದ ಬೆಳ್ಳಿ ಬಣ್ಣದ ಬಹುಮಾನದ ಕಪ್, ಯಜಮಾನರ ರೇಷ್ಮೆ ಟೈಗಳು, ಟೀ ಪಾಟ್ ಆರದಂತೆ ಹೊದಿಸಲು ನಾನೇ ಉಣ್ಣೆಯಲ್ಲಿ ಹೆಣೆದ ಟೀ ಕೋಸಿ. ಎಸೆಯಲು ಮನಸ್ಸಿಲ್ಲ, ಒಯ್ಯಲು ಜಾಗವಿಲ್ಲ. ಸರಿ, ಸುಲಭದ್ದು ಮೊದಲು ಅಂತ ಅಡುಗೆಮನೆಗೆ ಹೋದೆ. ಅರ್ಧಕ್ಕರ್ಧ ಡಬ್ಬಿಗಳ ಮೇಲೆ ಚುಕ್ಕೆ ಚುಕ್ಕೆ ಅಕ್ಷರದಲ್ಲಿ ಮುನಿಲಕ್ಷ್ಮಮ್ಮ, ಮುನಿಲಕ್ಷ್ಮಮ್ಮ. ಎಲ್ಲವನ್ನೂ ಫಳಫಳ ಉಜ್ಜಿ, ಒರೆಸಿ, ಕಾರ್ಟನ್‌ಗೆ ತುಂಬಿ, ಮೇಲೊಂದು 'ಥ್ಯಾಂಕ್ ಯೂ' ಕಾರ್ಡ್ ಅಂಟಿಸಿ ಅವರ ಜಗಲಿಯ ಮೇಲಿಟ್ಟು ಬಂದೆ.

ಐದು ನಿಮಿಷವಾಗಿಲ್ಲ, ಗೇಟು ಮುರಿಯುವ ಹಾಗೆ ಸೌಟು.

"ನಾನೇನಕ್ಕಾ ತಪ್ಪು ಮಾಡ್ದೆ?"

"ಯಾವ ತಪ್ಪು, ಮುನಿಲಕ್ಷ್ಮಮ್ಮಾ?"

"ಪಾತ್ರೆನೆಲ್ಲ ತೊಳ್ದು ಖಾಲಿ ಖಾಲಿ ತಂದು ಮನೆ ಮುಂದೆ ಇಕ್ಕಿದೀರಲ್ಲ. ನಮ್ಮೂರ್ನಾಗೆ ಮಾತು ಬಿಟ್ಟೋರು ಮಾಡೋ ಕೆಲ್ಸ ಇದು. ನಮ್ ವಾರಗಿತ್ತಿ ಇಂಗೇ ಕಳಿಸಿದ್ಳು. ಅವ್ಳ ಮಗಳ ಮದ್ವೆಗೂ ನಾನ್ ಓಗ್ಲಿಲ್ಲ."

"ಅಯ್ಯೋ, ಜಸ್ಟ್ ರಿಟರ್ನ್ ಮಾಡಿದ್ದು ಕಣ್ರೀ. ಕಾರ್ಡ್ ಕೂಡ ಅಂಟಿಸಿದ್ದೀನಲ್ಲ."

"ಅದೇ. ನೋಟೀಸ್ ಬೇರೆ."

ಸಂಜೆ ಅಷ್ಟೂ ಪಾತ್ರೆ ತುಂಬಿಕೊಂಡು ವಾಪಸ್ ಬಂದವು. ಹುರುಳಿಕಾಳು ಬಸ್ಸಾರು, ನಿಪ್ಪಟ್ಟು, ಚಿಗಳಿ, ಬಾಳಕದ ಮೆಣಸಿನಕಾಯಿ. ಫ್ರಿಜ್ ಆಗಲೇ ಮಾರಿಯಾಗಿತ್ತು. ಕುರ್ಚಿಯೂ ಇಲ್ಲದ ಮನೆಯಲ್ಲಿ ನಿಂತುಕೊಂಡೇ ಬಸ್ಸಾರು ಕುಡಿದೆ. ಆಮೇಲೆ ಹೊಳೆಯಿತು: ಈಗ ಇವನ್ನು ಖಾಲಿ ಕಳಿಸುವ ಹಾಗಿಲ್ಲ. ಮನೆಯಲ್ಲಿ ಸಕ್ಕರೆಯಿಲ್ಲ, ಬೇಳೆಯಿಲ್ಲ. ಇರುವುದು ಹಾಲಿನಲ್ಲಿ ಹರಡಿದ ನೆನಪುಗಳು ಮಾತ್ರ. ಟಿಫನ್ ಕ್ಯಾರಿಯರ್‌ಗೆ ಟೈಗಳನ್ನು ಶಾವಿಗೆಯ ಹಾಗೆ ಸುರುಳಿ ಸುತ್ತಿ ಹಾಕಿದೆ. ಟೀ ಕೋಸಿ ಹಿಟ್ಟಿನ ಡಬ್ಬಕ್ಕೆ, ಬಹುಮಾನದ ಕಪ್ ದೊಡ್ಡ ಪಾತ್ರೆಗೆ. ಹದಿನೈದು ದಿನದಿಂದ ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದ ಸಾಮಾನು ಅರ್ಧ ಗಂಟೆಯಲ್ಲಿ ಖರ್ಚಾಯಿತು.

ಮಾರನೇ ದಿನ ನೋಡಿದರೆ, ಯಜಮಾನರು ಇಂಟರ್‌ವ್ಯೂಗೆ ಕಟ್ಟುತ್ತಿದ್ದ ಮೆರೂನ್ ಟೈ ಅವರ ಹಿತ್ತಲಿನ ಚಪ್ಪರದಲ್ಲಿ ಸೋರೆಕಾಯಿಯೊಂದನ್ನು ಎತ್ತಿ ಹಿಡಿದಿತ್ತು. ದೇವರಾಣೆ, ಸೋರೆಕಾಯಿಗೇ ಚೆನ್ನಾಗಿ ಒಪ್ಪಿತ್ತು. ಟೀ ಕೋಸಿ ಮುನಿಲಕ್ಷ್ಮಮ್ಮನ ತಲೆಯ ಮೇಲಿತ್ತು. ಹಿಡಿ ಹಾಕುವ ತೂತಿನಿಂದ ಗಾಳಿ ಆಡುತ್ತದಂತೆ. ಕಪ್‌ನಲ್ಲಿ ರಾಗಿ ಹಿಟ್ಟು ಅಳೆಯುತ್ತಿದ್ದರು.

"ಇದು ಯಾಕಕ್ಕಾ ಕೊಟ್ಟಿದ್ದು ನಿಮ್ಗೆ?"

"ಚೆನ್ನಾಗಿ ಮಾತಾಡಿದ್ದಕ್ಕೆ."

"ಮಾತಾಡಿದ್ದಕ್ಕೆಲ್ಲ ಕಪ್ ಕೊಡಂಗಿದ್ರೆ ನಾನ್ ಮಲಗಾಕೂ ಜಾಗ ಇರ್ತಿರ್ಲಿಲ್ಲ."

ಶುಕ್ರವಾರ ಬೆಳಿಗ್ಗೆ ಕೀ ಕೊಟ್ಟಾಯಿತು. ಸೂಟ್‌ಕೇಸು ಕ್ಯಾಬಿನ ಡಿಕ್ಕಿಯಲ್ಲಿ. ಅಷ್ಟರಲ್ಲಿ ಅವರು ಒಂದು ಸಣ್ಣ ಡಬ್ಬಿ ಹಿಡಿದು ಬಂದರು, ಮುಚ್ಚಳದ ಮೇಲೆ ಅವರದೇ ಹೆಸರು. ಏರ್‌ಪೋರ್ಟಿನ ಸೆಕ್ಯೂರಿಟಿಯವರಿಗೆ ಬಸ್ಸಾರನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸಲಿ ಅಂತ ಯೋಚಿಸುತ್ತಲೇ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ.

"ಇದೇನ್ರೀ, ಖಾಲಿ?"

"ಔದು, ಖಾಲಿ."

"ಖಾಲಿ ಕೊಟ್ಟರೆ ಮಾತು ಬಿಟ್ಟ ಹಾಗೆ ಅಂತ ನೀವೇ ಅಂದ್ರಲ್ಲ."

"ಬಿಟ್ಟಿದೀನಿ. ಇವತ್ತಿಂದ ನನ್ಗೂ ನಿಮ್ಗೂ ಜಗಳ. ಬೇಕಾದ್ರೆ ಬಂದು ರಾಜಿ ಮಾಡ್ಕಳಿ."

"ಜಗಳ ಯಾತಕ್ಕೆ ಅಂತ ಆದರೂ ಹೇಳಿ."

"ಅದನ್ನ ಯೋಚ್ನೆ ಮಾಡಾಕೆ ಟೈಮ್ ಸಿಗ್ಲಿಲ್ಲ ಕಣಕ್ಕ. ನೀವ್ ಬರೋ ಒತ್ಗೆ ಒಂದು ಉಡುಕಿರ್ತೀನಿ."

ಜಗಳವಾಡಿದವರು ನಡೆಯಬೇಕಾದ ರೀತಿಯಲ್ಲೇ, ತಿರುಗಿ ನೋಡದೆ ಒಳಗೆ ಹೋದರು. ಓಣಿ ಇಕ್ಕಟ್ಟು, ಕ್ಯಾಬು ಹಿಂದೆ ಮುಂದೆ ಆಡಿ ತಿರುಗಿಕೊಳ್ಳುವಷ್ಟರಲ್ಲಿ ಅವರ ಅಡುಗೆಮನೆ ಕಿಟಕಿ ಅರ್ಧ ತೆರೆಯಿತು. ಡಬ್ಬಿ ಹಿಡಿದ ಕೈಯನ್ನೇ ಬೀಸಿದೆ. ಕಿಟಕಿ ಧಡಕ್ಕನೆ ಮುಚ್ಚಿಕೊಂಡಿತು. ನಾವು ಮೂಲೆ ತಿರುಗುವಾಗ, ಮತ್ತೆ ಒಂದು ಬೆರಳಷ್ಟು ತೆರೆದುಕೊಂಡಿತು.