ಕನ್ನಡ ಬೆಂಚಿನ ದಾನವ್ವ

ದಾನವ್ವ ಸತ್ತು ಇವತ್ತಿಗೆ ನಲವತ್ತು ದಿನ ಆತು. ಬೈಕುಲ್ಲಾದ ನಮ್ಮ ಚಾಳಿನಾಗ ಆಕಿ ಖೋಲಿಗೂ ನನ್ನ ಖೋಲಿಗೂ ನಡುವ ಒಂದ ಗೋಡಿ. ಮೂವತ್ತು ವರ್ಷ ಆ ಗೋಡಿ ಬಡದು ಬಡದು ಮಾತಾಡೀವಿ. ಪರೇಲಿನ ಒಂದು ದವಾಖಾನಿಯೊಳಗ ಇಬ್ಬರೂ ಆಯಾಗಳು, ಒಂದ ವಾರ್ಡು. ನಾ ಚಂದ್ರವ್ವ, ಸವದತ್ತಿ ಕಡೆಯಾಕಿ, ಕೊಳ್ಳಾಗ ಲಿಂಗ ಐತಿ. ಆಕಿ ರಾಯಚೂರು ಕಡೆಯಾಕಿ, ಕೊಳ್ಳಾಗ ಶಿಲುಬಿ. ಆಕಿ ಚರ್ಚಿನ ಮಂದಿ ಆಕಿ ಬಗ್ಗೆ ಎರಡು ನಮೂನಿ ಮಾತಾಡ್ತಾರ. ಎರಡೂ ಸುಳ್ಳು. ಮುನ್ಸಿಪಾಲ್ಟಿ ಕನ್ನಡ ಸಾಲಿಯೊಳಗ ಏಳನೇ ತನಕ ಓದೀನಿ, ಬರಿಯಾಕ ಬರತೈತಿ. ಅದಕ್ಕ ಬರಿಯಾಕ ಕುಂತೀನಿ. ನನಗ ಸಿಟ್ಟು ಭಾಳ, ಮೊದಲ ಹೇಳಿಬಿಡ್ತೀನಿ.

ಸಣ್ಣಾಕಿ ಇದ್ದಾಗ ದಾನವ್ವಗ ಕನ್ಯಾಮಠ ಸೇರಿ ಸಿಸ್ಟರ್ ಆಗೋ ಆಸೆ ಇತ್ತಂತ. ಅಪ್ಪ ಕೇಳಲಿಲ್ಲ. ಪರೇಲಿನ ಮಿಲ್ಲಿನಾಗ ಕೆಲಸಕ್ಕಿದ್ದ ಒಬ್ಬಗ ಕಟ್ಟಿಬಿಟ್ಟ. ಮಿಲ್ಲು ಬಂದಾತು, ಗಂಡ ಕುಡದು ಕುಡದು ಹೋದ, ಮಕ್ಕಳಾಗಲಿಲ್ಲ. ಇಪ್ಪತ್ತೇಳನೇ ವರ್ಷಕ್ಕ ಬಕೆಟ್ಟು, ಬೆಡ್‌ಪ್ಯಾನು ಕೈಗೆ ಬಂದ್ವು. ಯಾರ ಮ್ಯಾಲೂ ಸಿಟ್ಟಿಲ್ಲ ಆಕಿಗೆ. ಬೆಳಿಗ್ಗೆ ಐದಕ್ಕ ಎದ್ದು ಚರ್ಚಿಗೆ ಹೋಗಿ, ಪರಮಪ್ರಸಾದ ತಗೊಂಡು, ಆಮ್ಯಾಲೆ ಡ್ಯೂಟಿಗೆ. ಪರಮಪ್ರಸಾದ ಅಂದ್ರ ಫಾದರ್ ಮಂತ್ರಿಸಿ ಕೊಡೋ ಒಂದು ತೆಳ್ಳನ ರೊಟ್ಟಿ ತುಂಡು. ಅದು ಬಾಯಿಗೆ ಬಿದ್ದ ಮ್ಯಾಲೆನ ಆಕಿಗೆ ಚಹಾ.

ಆ ಚರ್ಚಿನಾಗ ಪೂಜಿ ಇಂಗ್ಲಿಷಿನಾಗ, ಇಲ್ಲಾ ಕೊಂಕಣಿ, ಮರಾಠಿಯೊಳಗ. ಬಿಲ್ಡಿಂಗ್ ಕೆಲಸಕ್ಕ ಬಂದ ನಮ್ಮ ಕಡೆ ಕ್ರಿಸ್ತರ ಮಂದಿಗೆ ಒಂದಕ್ಷರ ತಿಳೀತಿರಲಿಲ್ಲ. ಅವರನ್ನೆಲ್ಲಾ ಹಿಂದಿನ ಬೆಂಚಿನಾಗ ಕುಂದರಿಸಿಕೊಂಡು, ಫಾದರ್ ಒಂದು ಮಾತು ಅಂದ ಕೂಡಲೇ ದಾನವ್ವ ಅದನ್ನ ಕನ್ನಡದಾಗ ಪಿಸುಗುಟ್ಟತಿದ್ಲು. ಪೂರಾ ಪೂಜಿ ಆಕಿಗೆ ಬಾಯಿಪಾಠ. ಅದಕ್ಕ ಕನ್ನಡ ಬೆಂಚು ಅಂತ ಹೆಸರು ಬಿತ್ತು. ಪೂಜಿ ಆದ ಮ್ಯಾಲೆ ಹಿಂದಿನ ಖೋಲಿಯೊಳಗ ಅವರಿಗೆ ಕ್ಲಾಸು. ‘ಫಾದರ್ ಕಿವ್ಯಾಗ ಪಾಪ ನಿವೇದನಾ ಮಾಡಿದ ಮ್ಯಾಲೆ ಅವರು ಇಂಗ್ಲಿಷಿನಾಗ ಒಂದು ಮಾತು ಅಂತಾರ, ಅಂಜಬ್ಯಾಡ್ರಿ. ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ ಅಂತ ಅದರರ್ಥ’ ಅಂತ ಕಲಿಸಾಕಿ. ಮಂದಿ ಚಾಷ್ಟಿಗೆ ‘ಲೇಡಿ ಫಾದರ್’ ಅಂದ್ರ ಮಾತ್ರ ಕೆಂಡ ಆಗತಿದ್ಲು.

ಒಂದು ಕ್ರಿಸ್ಮಸ್ಸಿಗೆ ನಾನೂ ಹೋಗಿ ಆ ಬೆಂಚಿನಾಗ ಕುಂತಿದ್ದೆ. ಫಾದರ್ ರೊಟ್ಟಿ ಎತ್ತಿ ಏನೋ ಅನ್ನೋ ಹೊತ್ತಿಗೆ ದಾನವ್ವನ ಪಿಸುಮಾತು ನಿಂತಬಿಟ್ಟಿತು. ಹೊರಗ ಬಂದು ಕೇಳಿದೆ, “ಅಲ್ಲಿ ಯಾಕವಾ ಸುಮ್ಮನಾದಿ? ಮರತೇನು?”

“ಮರೀತೀನೇನ? ಅದು ದೀಕ್ಷಾ ಆದ ಫಾದರ್‌ಗಳ ಮಾತು. ನನ್ನ ಬಾಯಾಗ ಬರಬಾರದು” ಅಂದ್ಲು.

ಇಂಥಾಕಿ ಆಕಿ. ಇದನ್ನ ನೆಪ್ಪಿಟ್ಟುಕೋರಿ.

ನಾಲ್ಕು ವರ್ಷದ ಹಿಂದ, ಚರ್ಚ್ ಚರ್ಚಿನಾಗ ಮಂದಿ ಕುಂತು ಮನಸಿನಾಗಿಂದು ಮಾತಾಡ್ರಿ ಅಂತ ರೋಮಿನಿಂದ ಹೇಳಿ ಕಳಿಸಿದ್ರಂತ. ಇವರ ಚರ್ಚಿನ ಹಾಲ್‌ನಾಗೂ ಮೀಟಿಂಗ್ ಆತು. ಸೌಮ್ಯಾ ಅಂತ ಒಬ್ಬಾಕಿ ಹುಡುಗಿ, ಫೋರ್ಟಿನಾಗ ಬ್ಯಾಂಕಿನ ಕೆಲಸ, ಎದ್ದು ನಿಂತು ಹೆಂಗಸರು ಯಾಕ ಫಾದರ್ ಆಗಬಾರದು ಅಂತ ಕೇಳಿದ್ಲಂತ. ಕಮಿಟಿಯ ಹಿರೇರು ಮೈಮ್ಯಾಲೆ ಬಂದವರಂಗ ಒದರ್ಯಾಡಿದ್ರಂತ. ಹುಡುಗಿ ಬಿಡಲಿಲ್ಲ, “ದಾನವ್ವ ಆಂಟಿಗೆ ಪೂರಾ ಪೂಜಾ ಬರ್ತದೆ, ಅವರಿಗೇ ಪೂಛೋ” ಅಂತ ಈಕಿ ಕಡೆ ಕೈ ಮಾಡಿದ್ಲು. ದಾನವ್ವ ಏನಂದಿರಬೇಕು? “ಯೇಸುಸ್ವಾಮಿ ಹನ್ನೆರಡು ಮಂದಿ ಗಂಡಸರನ್ನ ಆರಿಸಿದ. ಅಂವಗಿಂತ ನಾ ಶಾಣ್ಯಾಕಿ ಏನವ್ವಾ?”

ಸಂಜಿಮುಂದ ಇದನ್ನ ಹೇಳಿದಾಗ ನಾ ಬೈದೆ. “ನಿನ್ನ ಪರವಾಗಿ ಮಾತಾಡೋ ಹುಡುಗಿ ಬಾಯಿ ನೀನ ಮುಚ್ಚಿಸಿ ಬಂದೆಲ್ಲ!”

“ನಿಮ್ಮ ಮಠದಾಗ ಎಷ್ಟು ಮಂದಿ ಹೆಂಗಸರು ಗದ್ದಿಗಿ ಮ್ಯಾಲೆ ಕುಂತಾರ?” ಅಂತ ತಿರುಗಿ ಕೇಳಿದ್ಲು. ನಾ ಎದ್ದೆ. ಚಹಾ ಇಟ್ಟೆ.

ಆ ಮೀಟಿಂಗ್ ಆಗಿ ಎರಡು ತಿಂಗಳಿಗೆ ಸಾಯಬಣ್ಣ ನಮ್ಮ ವಾರ್ಡಿಗೆ ಬಂದ. ಕನ್ನಡ ಬೆಂಚಿನಾಂವ. ಸಿಮೆಂಟಿನ ಧೂಳು ತಿಂದು ತಿಂದು ಪುಪ್ಪಸ ಹೋಗಿತ್ತು. ಹೆಂಡ್ತಿ ಮಲ್ಲಕ್ಕ ಕಾಲ ಕಡೆ ಕುಂತಾಕಿ ಏಳತಿರಲಿಲ್ಲ. ಒಂದು ರವಿವಾರ ಮುಂಜಾನೆ ಹತ್ತಕ್ಕ ಡಾಕ್ಟರು ನೋಡಿ, ಇನ್ನ ಭಾಳ ಹೊತ್ತಿಲ್ಲ ಅಂದ್ರು. ಸಾಯಬಣ್ಣಗೂ ತಿಳೀತು. ಫಾದರ್‌ನ ಕರೀರಿ ಅಂದ.

ದಾನವ್ವ ಫೋನ್ ಹಚ್ಚಿದ್ಲು. ಅವರ ಚರ್ಚಿನ ಫಾದರ್ ನೆವಿಲ್ ದೂರದ ವಸೈಕ ಹೋಗಿದ್ರು. ಅವತ್ತ ಅಲ್ಲಿ ಒಬ್ಬ ಹುಡುಗಗ ಗುರುದೀಕ್ಷಾ, ಹೊಸಾ ಫಾದರ್ ಆಗಾಂವ ಇದ್ದ. ಗೊತ್ತಿದ್ದ ಬ್ಯಾರೆ ಫಾದರ್‌ಗಳೂ ಅಲ್ಲೇ. “ಈಗ ಹೊರಡ್ತೀನಿ” ಅಂದ್ರು ಪಾಪ. ಆದ್ರ ರವಿವಾರ, ಹಳಿ ರಿಪೇರಿಗಂತ ಮೆಗಾ ಬ್ಲಾಕು, ಲೋಕಲ್ ಟ್ರೇನು ತಾಸಿಗೊಂದು.

ಹನ್ನೊಂದೂವರಿಗೆ ನರ್ಸು ಇಂಜೆಕ್ಷನ್ ತರಾಕ ಮಲ್ಲಕ್ಕನ್ನ ಕೆಳಗ ಕಳಿಸಿದ್ಲು. ಆಕಿ ಹೋದ್ಲು, ಇಂವಗ ಉಬ್ಬಸ ಹತ್ತಿತು. ದಾನವ್ವನ ಮುಂಗೈ ಹಿಡಕೊಂಡ.

“ಅಕ್ಕಾ, ನನ್ನ ಪಾಪ ನೀನ ಕೇಳು.”

“ತಡಿ ತಮ್ಮಾ, ಫಾದರ್ ಹಾದ್ಯಾಗ ಅದಾರ.”

ಅಂವ ತಡೀಲಿಲ್ಲ. ಏನೋ ಹೇಳಾಕ ಶುರು ಮಾಡಿದ. ನಾ ಬಾಜು ಹಾಸಿಗಿ ಚಾದರ ಬದಲಸಾಕತ್ತಿದ್ದೆ, ಸರದು ನಿಂತೆ. ಸಾಯೋ ಮನಿಷ್ಯಾನ ಮಾತು ಕದ್ದು ಕೇಳೋವಷ್ಟು ಕೆಟ್ಟಾಕಿ ಅಲ್ಲ ನಾ. ಅಂವ ಏನು ಹೇಳಿದ ಅನ್ನೋದನ್ನ ದಾನವ್ವ ನನಗೂ ಹೇಳಲಿಲ್ಲ. ಕಡೀಕ ಅಂವನ ದನಿ ಜೋರಾತು, ಅದಷ್ಟ ಕೇಳಿಸಿತು.

“ಹೇಳಕ್ಕಾ. ಬೆಂಚಿನ ಮ್ಯಾಲೆ ಎಲ್ಲಾ ಹೇಳತಿದ್ದಿ. ಕ್ಷಮಾ ಆತು ಅಂತ ಇದೊಂದು ಹೇಳು.”

ಮೂರು ಶಬ್ದದ ಮಾತು. ಆಕಿ ನೂರು ಸಲ ಕ್ಲಾಸಿನಾಗ ಕಲಿಸಿದ್ದು. ಆದ್ರ ಸಾಯಾಂವನ ಮುಂದ ಖರೇನ ಅದನ್ನ ಹೇಳೋ ಅಧಿಕಾರ ಫಾದರ್‌ಗಳಿಗಷ್ಟ. ದಾನವ್ವ ಬಾಯಿ ತೆರದು ಮುಚ್ಚಿದ್ದು ನಾ ನೋಡೀನಿ.

“ನಾ ಫಾದರ್ ಅಲ್ಲೋ ನನ್ನಪ್ಪಾ. ನನಗ ಅಧಿಕಾರ ಇಲ್ಲ. ಬಾ, ದೇವರಿಗೆ ಕೇಳೋಣು, ದೇವರು ಕೇಳ್ತಾನ” ಅಂತ ಪ್ರಾರ್ಥನಿ ಶುರು ಮಾಡಿದ್ಲು. ಅಂವ ಪ್ರಾರ್ಥನಿ ಹೇಳಲಿಲ್ಲ. ಆಕಿ ಬಾಯಿನ ನೋಡಕೋತ ಇದ್ದ. ಹಂಗ ನೋಡಕೋತನ ಹೋದ.

ಎರಡು ನಿಮಿಷಕ್ಕ ಮಲ್ಲಕ್ಕ ಏದುಸಿರು ಬಿಟಗೊಂತ ಬಂದ್ಲು. ಗಂಡನ ಮಾರಿ ನೋಡಿದ್ಲು, ಕೈಯಾನ ಇಂಜೆಕ್ಷನ್ ಕೆಳಗ ಬಿತ್ತು. ಅಳೂಕಿಂತ ಮೊದಲ ಕೇಳಿದ್ದು ಏನು ಗೊತ್ತೇನು? “ಫಾದರ್ ಬಂದಿದ್ರೇನಕ್ಕಾ? ಕ್ಷಮಾ ಸಿಕ್ಕಿತೇನು ಅಂವಗ?”

ಮೂವತ್ತು ವರ್ಷದಾಗ ದಾನವ್ವ ಸುಳ್ಳು ಹೇಳಿ ಒಂದು ರಜಾ ಸೈತ ತಗೊಂಡಾಕಿ ಅಲ್ಲ. ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಮಲ್ಲಕ್ಕನ ತಲಿ ಮ್ಯಾಲೆ ಕೈ ಇಟ್ಟು, “ಸಿಕ್ತವ್ವಾ. ಫಾದರ್ ಬರಲಿಲ್ಲ. ನಾನ ಹೇಳಿದೆ” ಅಂದ್ಲು. ಮಲ್ಲಕ್ಕ ಆಕಿ ಕಾಲು ಹಿಡಕೊಂಡು ಅತ್ಲು. ಫಾದರ್ ನೆವಿಲ್ ಒಂದೂವರಿಗೆ ಬೆವತು ನೀರಾಗಿ ಬಂದು ಮುಟ್ಟಿದ್ರು.

ಅವತ್ತ ಸಂಜಿಗೆ ದಾನವ್ವ ನನ್ನ ಖೋಲಿಗೆ ಬಂದು ಹೊಸ್ತಿಲದಾಗ ನಿಂತ್ಲು. “ಲಿಂಗ ಮುಟ್ಟಿ ಹೇಳು ಚಂದ್ರವ್ವಾ, ಮಲ್ಲಕ್ಕಗ ಖರೇ ಗೊತ್ತಾಗಂಗಿಲ್ಲ ಅಂತ.” ಮುಟ್ಟಿದೆ.

ಆದ್ರ ಮಲ್ಲಕ್ಕ ಸುಮ್ಮನಿರತಾಳೇನು? ಅಕ್ಕ ದೇವರಂಗ ನಿಂತು ನನ್ನ ಗಂಡನ್ನ ಉಳಿಸಿಕೊಟ್ಲು ಅಂತ ಕಂಡಕಂಡವರ ಮುಂದ ಹೇಳಿದ್ಲು. ಸುದ್ದಿ ಚರ್ಚಿಗೆ ಮುಟ್ಟಿತು. ಮತ್ತೊಂದು ಮೀಟಿಂಗ್ ಆತು. ಇದಕ್ಕ ನಾನೂ ಹೋದೆ, ಆಕಿ ಒಬ್ಬಾಕಿನ ಬಿಡಬಾರದಂತ. ಸೌಮ್ಯಾನ ಕಡೆಯವರು “ದಾನವ್ವ ಆಂಟಿನೇ ಕರ್‌ಕೆ ದಿಖಾಯಾ, ಮಾಡಿ ತೋರಿಸಿದ್ರು, ಇನ್ನ ಏನು ಸಬೂತ್ ಬೇಕು?” ಅಂತ ಚಪ್ಪಾಳಿ. ಹಿರೇರು “ಇದು ಘೋರ ಪಾಪ” ಅಂತ ಮೇಜು ಬಡದ್ರು. ಆಕಿನ್ನ ಹಗ್ಗ ಮಾಡಿ ಎರಡೂ ಕಡೆಯಿಂದ ಜಗ್ಗಿದ್ರು. ಆಕಿ ಕೈ ಕಟಗೊಂಡು ಕುಂತಿದ್ಲು.

ಕಡೀಕ ಫಾದರ್ ನೆವಿಲ್ ಹಿಂದಿಯೊಳಗ ಕೇಳಿದ್ರು, “ದಾನವ್ವಾಬಾಯಿ, ನೀವು ಆ ಮಾತು ಖರೇನ ಹೇಳಿದ್ರೇನು?”

ಇಲ್ಲ ಅಂದಿದ್ರ ಮುಗೀತಿತ್ತು. ಆಕಿ ಹಿಂದ ಹೊಳ್ಳಿ ನೋಡಿದ್ಲು. ಕಡೀ ಸಾಲಿನಾಗ ಮಲ್ಲಕ್ಕ ತಲಿ ಮ್ಯಾಲೆ ಸೆರಗು ಹೊದಕೊಂಡು ಕುಂತಿದ್ಲು.

“ಹೌದ್ರಿ ಫಾದರ್. ಹೇಳೀನಿ.”

ಅಧಿಕಾರ ಇಲ್ಲದಾಕಿ ಆ ಮಾತು ಹೇಳಿದ್ರ ಪರಮಪ್ರಸಾದ ಮುಟ್ಟಂಗಿಲ್ಲಂತ, ಅವರ ಕಾಯ್ದೆ. ಫಾದರ್ ಕೆಟ್ಟವರಲ್ಲ. ಮರುದಿನ ಚಾಳಿಗೆ ಬಂದು ನನ್ನ ಮುಂದ ಹೇಳಿದ್ರು: ಕ್ಲಾಸಿನ ಮಂದಿ ಮುಂದ ನಿಂತು, ಅದು ಖರೇ ಕ್ಷಮಾ ಅಲ್ಲ, ಸಾಯಬಣ್ಣಗ ಅದು ಮುಟ್ಟಿಲ್ಲ, ನಂದು ತಪ್ಪಾತು ಅಂತ ಒಂದು ಸಲ ಹೇಳಿಬಿಡ್ರಿ, ಉಳಿದದ್ದು ನಾ ಬಿಷಪ್ಪರ ಹತ್ರ ನೋಡ್ಕೋತೀನಿ. ದಾನವ್ವ “ಆಗಂಗಿಲ್ರಿ” ಅಂದ್ಲು. ಮಲ್ಲಕ್ಕ ಆ ಕ್ಲಾಸಿನಾಗ ಕುಂದರಾಕಿ.

ಫಾದರ್ ಹೋದ ಮ್ಯಾಲೆ ನನ್ನ ಪಿತ್ತ ನೆತ್ತಿಗೇರಿತು. “ಅಲ್ಲಲೇ, ಹೇಳದ ಮಾತಿಗೆ ಶಿಕ್ಷಾ ತಿನ್ನೂದಿತ್ತಂದ್ರ ಅವತ್ತ ಹೇಳಿಬಿಡಬೇಕಿತ್ತಲ್ಲ! ಅಂವನಾದ್ರೂ ಸಮಾಧಾನದಿಂದ ಸಾಯತಿದ್ದ!”

ಆ ಮಾತು ನಾ ಆಡಬಾರದಿತ್ತು. ನನ್ನ ನಾಲಿಗಿ ಸುಡಲಿ. ಆಕಿ “ಅದನ್ನ ನಾ ದಿನಾ ಕೇಳ್ಕೋತೀನಿ ಚಂದ್ರವ್ವಾ” ಅಂದ್ಲು. “ಅವತ್ತ ದೇವರು ನನ್ನ ಬಾಯಿ ಬೇಡಿದ್ನೋ ಏನೋ. ನಾ ಕೊಡಲಿಲ್ಲ.”

ಹೋಗಿ ಫಾದರ್ ಕಿವ್ಯಾಗರ ಖರೇ ಹೇಳು, ಅವರು ಹೊರಗ ಹೇಳಂಗಿಲ್ಲಂತಲ್ಲ ಅಂದೆ. “ಸುಳ್ಳು ಬಿಡ್ತೀನಿ ಅಂತ ಮಾತು ಕೊಟ್ರಷ್ಟ ಅದು ನಿವೇದನಾ. ನಾ ಬಿಡಂಗಿಲ್ಲ. ಯಾವ ಮಾರಿಲೆ ಹೋಗಲಿ?” ಅಂದ್ಲು.

ಕ್ಲಾಸು ಬಂದಾತು. ನಾಲ್ಕು ವರ್ಷ ಆಕಿ ಅದ ಬೆಂಚಿನಾಗ ಬಾಯಿ ಮುಚಗೊಂಡು ಕುಂತ್ಲು. ಮಂದಿ ಪ್ರಸಾದಕ್ಕ ಸಾಲು ಹಚ್ಚಿದಾಗ ಮೊಣಕಾಲು ಸರಿಸಿ ಅವರಿಗೆ ಹಾದಿ ಬಿಡತಿದ್ಲು. ಸೌಮ್ಯಾ ಆಕಿ ಫೋಟೋ ತಗದು ತಮ್ಮ ಪತ್ರಿಕಿಗೆ ಹಾಕೂಣು ಅಂತ ಬಂದ್ಲು. “ನಾ ನಿಮ್ಮ ಕಡೆಯಾಕಿ ಅಲ್ಲ ತಂಗಿ” ಅಂದ್ಲು. ಆ ಹುಡುಗಿನೂ ಬರೋದು ಬಿಡ್ತು. ಬೆಳಿಗ್ಗೆ ಪ್ರಸಾದ ಇಲ್ಲಂತ ದಾನವ್ವ ಚಹಾನೂ ಬಿಟ್ಟಿದ್ಲು. ಬರೇ ಹೊಟ್ಟಿಲೆ ಡ್ಯೂಟಿಗೆ ಬರತಿದ್ಲು. ಎಷ್ಟು ಬೈದ್ರೂ ಕೇಳಲಿಲ್ಲ.

ಈ ಮಳಿಗಾಲದಾಗ ಲಿವರಿನಾಗ ಗಡ್ಡಿ ಅಂದ್ರು. ನಮ್ಮ ವಾರ್ಡಿನಾಗ, ನಾವ ಒರಸಿದ ಹಾಸಿಗಿ ಮ್ಯಾಲೆ ಮಲಗಿದ್ಲು. ಮಲ್ಲಕ್ಕ ಕೆಲಸ ಬಿಟ್ಟು ಬಂದು ಕಾಲೊತ್ತಕೋತ ಕುಂತ್ಲು. ಒಂದು ಮಧ್ಯಾಹ್ನ ಮಲ್ಲಕ್ಕ ನೀರು ತರಾಕ ಹೋದಾಗ ದಾನವ್ವ, “ಫಾದರ್‌ನ ಕರಿ. ಇನ್ನ ಸುಳ್ಳು ಹೇಳಾಕ ಬಾಯಿನ ಇರಂಗಿಲ್ಲ, ಬಿಡ್ತೀನಿ ಅಂತ ಮಾತು ಕೊಡಬಹುದು” ಅಂದ್ಲು. ಫಾದರ್ ನೆವಿಲ್ ಅರ್ಧ ತಾಸಿನಾಗ ಬಂದ್ರು. ನಮ್ಮಿಬ್ಬರನ್ನ ಹೊರಗ ಕಳಿಸಿ ಪಡದೆ ಎಳದ್ರು.

ಒಳಗ ಏನು ಮಾತಾತೋ ನಾ ಕೇಳಿಲ್ಲ. ಹೊರಗ ಬಂದ ಫಾದರ್ ಮಾರಿ ನೋಡಿದೆ, ಸುಣ್ಣ ಬಳದಂಗಿತ್ತು. ಜಿನೆ ಮೆಟ್ಟಲ ಮ್ಯಾಲೆ ಕುಂತುಬಿಟ್ರು. ನನ್ನ ಕಡೆ ನೋಡಿದ್ರು. ನಿವೇದನಾದಾಗ ಕೇಳಿದ್ದರ ಬಗ್ಗೆ ನನ್ನ ಏನೂ ಕೇಳೋ ಹಂಗಿಲ್ಲ ಅವರು, ಅದೂ ಅವರ ಕಾಯ್ದೆ. ನಾ ತಲಿ ತಗ್ಗಿಸಿದೆ.

ಮಲ್ಲಕ್ಕ ಅವರ ಮುಂದ ಹೋಗಿ ನಿಂತ್ಲು. “ಫಾದರ್, ಅಕ್ಕಗ ಪ್ರಸಾದ ಕೊಟ್ರೇನು?”

“ಕೊಟ್ಟೆ.”

“ಹಂಗಾರ ನನ್ನ ಗಂಡಗೂ ಕ್ಷಮಾ ಆಗೇತಿ, ಹೌದಲ್ರಿ?”

ಫಾದರ್ ಎದ್ದು ಆಕಿ ತಲಿ ಮ್ಯಾಲೆ ಕೈ ಇಟ್ರು. “ಸಾಯಬಣ್ಣ ದೇವರ ಹತ್ರ ಇದ್ದಾನ. ನೀ ಸಂಶೆ ಪಡಬ್ಯಾಡ” ಅಂದ್ರು.

ನಾ ಅಲ್ಲೇ ನಿಂತಿದ್ದೆ. ಯಪ್ಪಾ ಫಾದರ್, ಈ ಮಾತು ನಾಲ್ಕು ವರ್ಷದ ಹಿಂದ ಆ ಹಾಲಿನಾಗ ಮಲ್ಲಕ್ಕಗ ಹೇಳಿದ್ರ ನಿಮ್ಮ ಗಂಟೇನು ಹೋಗತಿತ್ತು? ಆಕಿಗೆ ಬೇಕಾಗಿದ್ದು ಇಷ್ಟ. ಇದು ಸಿಕ್ಕಿದ್ರ ದಾನವ್ವ ಎದ್ದು ನಿಂತು ಖರೇ ಹೇಳತಿದ್ಲು. ದಿನಾ ಬೆಳಿಗ್ಗೆ ಪ್ರಸಾದ ತಗೊಂಡು ಚಹಾ ಕುಡೀತಿದ್ಲು.

ಮರುದಿನ ಹತ್ತಕ್ಕ ದಾನವ್ವ ಹೋದ್ಲು. ಮಣ್ಣು ಮಾಡೋ ದಿನ ಫಾದರ್ ಇಂಗ್ಲಿಷಿನಾಗ ಪೂಜಿ ಮಾಡಿದ್ರು. ಕನ್ನಡ ಬೆಂಚಿನ ಮಂದಿಗೆ ಏನೂ ತಿಳೀಲಿಲ್ಲ. ತಿಳಿಸಿ ಹೇಳಾಕಿ ಪೆಟ್ಟಿಗಿಯೊಳಗ ಇದ್ಲು.

ಮಲ್ಲಕ್ಕಗ ಓದಾಕ ಬರಂಗಿಲ್ಲ, ಅದಕ್ಕ ಇಷ್ಟು ಬರದೀನಿ. ಆಕಿ ಈಗಲೂ ರವಿವಾರ ಆ ಬೆಂಚಿನಾಗ ಕುಂದರತಾಳ. ನಿಮ್ಮೊಳಗ ಯಾರಾದ್ರೂ ಆಕಿನ್ನ ಕಂಡ್ರ, ಕೈಮುಗದು ಕೇಳ್ಕೋತೀನಿ, ಇದನ್ನ ಆಕಿ ಮುಂದ ಓದಬ್ಯಾಡ್ರಿ.